ನಷ್ಟ, ನಲವತ್ತು ಸಾವಿರ

“ನಷ್ಟ, ನಲವತ್ತು ಸಾವಿರ! ಮುಂದಿನದು ಓದಿ, ಅತ್ತೆ.”

ಬಟಾಣಿ ಬಿಡಿಸುತ್ತಿದ್ದ ಸೊಸೆಯ ಕೈ ನಿಲ್ಲಲಿಲ್ಲ. ಎದುರಿಗೆ ಕುಳಿತ ಅತ್ತೆ ಮಾತ್ರ ಪುಸ್ತಕದಿಂದ ತಲೆಯೆತ್ತಿ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಅವಳನ್ನೇ ದಿಟ್ಟಿಸಿದರು.

“ಅಲ್ಲ ಕಣೇ, ನಾನು ಓದಿದ್ದೇನು?”

“ಮುದ್ರಣಾಲಯದವರು ಯಂತ್ರ ಕೊಂಡು ಮಾರಿದ್ದು.”

“ಕೊಂಡಿದ್ದು ನಿಜ. ಆಮೇಲೆ ಎರಡು ಹಾಳೆ ಒಟ್ಟಿಗೆ ಮಗುಚಿಬಿಟ್ಟೆ. ಗೋದಾಮಿಗೆ ಬೆಂಕಿ ಬಿತ್ತು, ಬಿಸ್ಕತ್ತು ಸುಟ್ಟುಹೋಯ್ತು, ವಿಮೆ ಎಷ್ಟು ಬರುತ್ತೆ ಅಂತ ಓದಿದೆ. ನೀನು ಯಂತ್ರ ಮಾರಿ ಕೂತಿದ್ದೀಯ!”

ಇಬ್ಬರೂ ನಕ್ಕರು. ಸೊಸೆಯ ನಗು ಮೊದಲು ನಿಂತಿತು.

ಟೈರ್ ಕಂಪನಿಯಲ್ಲಿ ಲೆಕ್ಕದ ಗುಮಾಸ್ತೆಯಾಗಿದ್ದ ಅವಳಿಗೆ ಗುರುವಾರ ಲೆಕ್ಕಪರಿಶೋಧನೆಯ ಅಂತಿಮ ಪರೀಕ್ಷೆಯಿತ್ತು. ನಾಲ್ಕು ಸಲ ಡುಮ್ಕಿ ಹೊಡೆದಾಗಿತ್ತು. ಐದನೆಯದೇ ಕೊನೆಯ ಅವಕಾಶ. ಪಾಸಾದರೆ ನಿವೃತ್ತರಾಗಲಿರುವ ಲೆಕ್ಕಾಧಿಕಾರಿಯ ಕುರ್ಚಿ ಅವಳದು, ಇಲ್ಲವಾದರೆ ಹೊರಗಿನವರದು ಎಂದು ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿದ್ದರು. ದಪ್ಪ ಪಠ್ಯಗಳನ್ನು ಅಟ್ಟಕ್ಕೇರಿಸಿ, ಒಂಬೈನೂರು ಮಾದರಿ ಪ್ರಶ್ನೆಗಳ ಒಂದೇ ಪುಸ್ತಕವನ್ನು ಎಂಟು ತಿಂಗಳಿಂದ ಅವಳು ಅರೆದು ಕುಡಿದಿದ್ದಳು. ಓದಿ ಹೇಳುವ ಕೆಲಸ ಅತ್ತೆಯದು. ಮೂವತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವರ ಕಂಠ ಇನ್ನೂ ಗಂಟೆಯಂತಿತ್ತು. ಕಳೆದ ವಾರದ ಸುತ್ತಿನಲ್ಲಿ ನೂರಕ್ಕೆ ತೊಂಬತ್ತಾರು ಉತ್ತರ ಸರಿ ಬಂದಿದ್ದವು.

“ಇನ್ನೊಂದ್ಸಲ ಓದಿ,” ಎಂದಳು.

ಅತ್ತೆಗೆ ತುಂಟತನ ಹತ್ತಿತು. “ಯಂತ್ರದ ಬೆಲೆ ಒಂಬತ್ತು ಲಕ್ಷ, ಬಾಳಿಕೆ ಹತ್ತು ವರ್ಷ, ಪ್ರತಿವರ್ಷ ಸಮಾನ ಸವಕಳಿ. ನಾಲ್ಕು ವರ್ಷ ಬಳಸಿ ಐದು ಲಕ್ಷ ತೊಂಬತ್ತು ಸಾವಿರಕ್ಕೆ…”

“ನಷ್ಟ, ನಲವತ್ತು ಸಾವಿರ.”

“ಪುಸ್ತಕದಲ್ಲಿ ಮೂರು ವರ್ಷ ಅಂತಿದೆ. ನಾನು ನಾಲ್ಕು ಅಂದೆ. ಆದ್ರೂ ಅದೇನಾ?”

ಸೊಸೆ ಬಟಾಣಿಯ ತಟ್ಟೆಯನ್ನು ಸರಿಸಿ, ಹಾಲಿನ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕಿದಳು. ವರ್ಷಕ್ಕೆ ತೊಂಬತ್ತು ಸಾವಿರ ಸವಕಳಿ. ನಾಲ್ಕು ವರ್ಷಕ್ಕೆ ಮೂರು ಲಕ್ಷ ಅರವತ್ತು ಸಾವಿರ. ಉಳಿದ ಬೆಲೆ ಐದು ಲಕ್ಷ ನಲವತ್ತು ಸಾವಿರ. ಮಾರಿದ್ದು ಅದಕ್ಕಿಂತ ಹೆಚ್ಚಿಗೆ.

ಐವತ್ತು ಸಾವಿರ ಲಾಭ!

ಲಾಭವನ್ನು ನಷ್ಟವೆಂದು, ಒಂದಿಷ್ಟೂ ಅನುಮಾನವಿಲ್ಲದೆ, ಬಟಾಣಿ ಬಿಡಿಸುತ್ತಲೇ ಹೇಳಿದ್ದಳು. ಅವಳ ತಲೆಯಲ್ಲಿದ್ದದ್ದು ಲೆಕ್ಕವಲ್ಲ; ಮುದ್ರಣಾಲಯ ಎಂದರೆ ನಲವತ್ತು ಸಾವಿರ, ಬಿಸ್ಕತ್ತು ಎಂದರೆ ಇನ್ನೊಂದು ಸಂಖ್ಯೆ, ಅಷ್ಟೇ.

“ಇನ್ನೂ ಹತ್ತು ಪ್ರಶ್ನೆ ಬದಲಾಯಿಸಿ ಅತ್ತೆ. ಎಲ್ಲಿ ಬದಲಾಯಿಸಿದ್ರಿ ಅಂತ ಹೇಳ್ಬೇಡಿ.”

“ಬೇಡ ಬಿಡೇ. ಪರೀಕ್ಷೆ ಹತ್ತಿರ ಬಂದಾಗ ಧೈರ್ಯ ಕೆಡಿಸ್ಕೋಬಾರದು.”

“ಓದಿ, ದಯವಿಟ್ಟು!”

ಅತ್ತೆ ಓದಿದರು. ಸೊಸೆ ಹಾಳೆಯ ಮೇಲೆ ಗೀಚಿದಳು, ಅಳಿಸಿದಳು, ಮತ್ತೆ ಗೀಚಿದಳು. ಹತ್ತರಲ್ಲಿ ಮೂರು ಬಗೆಹರಿದವು. ಎರಡಕ್ಕೆ ಎಲ್ಲಿಂದ ಶುರು ಮಾಡುವುದೆಂದೇ ತಿಳಿಯಲಿಲ್ಲ. ಐದರಲ್ಲಿ ಅವಳ ಕೈ ಹಳೆಯ ಉತ್ತರವನ್ನು ತಾನೇ ಬರೆದುಬಿಟ್ಟಿತ್ತು. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು.

ಅಂದು ಐದು ಗಂಟೆಯೊಳಗೆ ಪರೀಕ್ಷೆಯಿಂದ ಹೆಸರು ಹಿಂತೆಗೆದುಕೊಂಡರೆ ಕೊನೆಯ ಅವಕಾಶ ಮುಂದಕ್ಕೆ ಉಳಿಯುತ್ತಿತ್ತು, ಕುರ್ಚಿ ಹೋಗುತ್ತಿತ್ತು. ಕೂತು ಫೇಲಾದರೆ ಎರಡೂ ಹೋಗುತ್ತಿದ್ದವು.

ಅವಳು ಫೋನು ಕೈಗೆತ್ತಿಕೊಂಡಳು.

“ಏನ್ ಮಾಡ್ತಿದ್ದೀಯ? ಗುರುವಾರ ಇದೇ ಪ್ರಶ್ನೆ ಬಂದ್ರೂ ಬರಬಹುದಲ್ಲೇ!”

“ಬಂದ್ರೆ ಪಾಸಾಗ್ತೀನಿ, ಅತ್ತೆ. ಆಮೇಲೆ ಆ ಕುರ್ಚೀಲಿ ಕೂತಾಗ ಬರೋ ಫೈಲು ಈ ಪುಸ್ತಕದ್ದಾಗಿರುತ್ತಾ?”

ಸೊಸೆ ‘ಹೆಸರು ಹಿಂತೆಗೆದುಕೊಳ್ಳಿ’ ಎಂಬುದನ್ನು ಒತ್ತಿದಳು. ‘ಖಚಿತವೇ?’ ಎಂದು ಪರದೆ ಕೇಳಿತು. ಮತ್ತೆ ಒತ್ತಿದಳು. ಎಂಟು ತಿಂಗಳು ಕಣ್ಣೆದುರಿಗಿದ್ದ ಕುರ್ಚಿ ನಾಲ್ಕು ಐವತ್ತಾರಕ್ಕೆ ಕೈತಪ್ಪಿತು.

“ನಾನು ಸರಿಯಾಗಿ ಹಾಳೆ ಮಗುಚಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ,” ಅತ್ತೆಯ ದನಿ ಮೊದಲ ಬಾರಿಗೆ ನಡುಗಿತು.

“ಒಂದನೇ ಪ್ರಶ್ನೆಯಿಂದ ಓದಿ. ಕೊನೇ ಅಕ್ಷರದ ತನಕ.”

ಮೊದಲ ಸಾಲು ಮುಗಿಯುವಷ್ಟರಲ್ಲಿ ಉತ್ತರ ನಾಲಗೆಯ ತುದಿಗೆ ನುಗ್ಗಿಬಂತು. ಸೊಸೆ ತುಟಿ ಕಚ್ಚಿ ಹಿಡಿದಳು. ಅತ್ತೆ ನಿಧಾನವಾಗಿ ಕೊನೆಯ ಸಾಲಿಗೆ ಬಂದರು: “ಈ ವಿಧಾನವನ್ನೇ ಏಕೆ ಆರಿಸಿದಿರಿ? ಕಾರಣ ಬರೆಯಿರಿ. ಆರು ಅಂಕ.”

“ಏನದು? ಅಲ್ಲಿ ಹಾಗಿದೆಯಾ?”

“ಮುಕ್ಕಾಲು ಪಾಲು ಪ್ರಶ್ನೆಗಳ ಕೆಳಗೂ ಇದೆ ಕಣೇ. ನನ್ನನ್ನ ಅಲ್ಲೀ ತನಕ ಓದೋಕೆ ನೀನು ಬಿಟ್ಟಿದ್ದು ಯಾವಾಗ?”

ಸೊಸೆ ಪುಸ್ತಕ ಕಿತ್ತುಕೊಂಡು, ಒಂದೊಂದೇ ಪುಟದ ಅಡಿಯನ್ನು ಬೆರಳಿಟ್ಟು ನೋಡತೊಡಗಿದಳು.