ಮತ್ತೋಡಿನ ಕೌದಿಯವರ ಹೆಸರು

ಹೊಸದುರ್ಗದ ಬಸ್‌ಸ್ಟ್ಯಾಂಡಿನ ಹಿಂದೆ, ಗೊಬ್ಬರದಂಗಡಿಯ ಮೇಲಿನ ಕೋಣೆ ಅದು. ತಗಡಿನ ಚಾವಣಿ. ಮಧ್ಯಾಹ್ನವಾದರೆ ತಗಡಿನ ಬಿಸಿಯೂ ಕಂಪ್ಯೂಟರುಗಳ ಬಿಸಿಯೂ ಸೇರಿ ಹುಡುಗಿಯರ ಬೆನ್ನು ನೆನೆದುಹೋಗುತ್ತಿತ್ತು. ಇದ್ದ ಒಂದೇ ಫ್ಯಾನು ಮಾಲೀಕ ಕನಕರಾಜನ ಕುರ್ಚಿಯ ಕಡೆಗೆ ತಿರುಗಿರುತ್ತಿತ್ತು. ಬುತ್ತಿ ಬಿಚ್ಚಿದರೆ ರೊಟ್ಟಿಗೂ ಗೊಬ್ಬರದ ವಾಸನೆ.

ರೇಣುಕಾ ಮತ್ತೋಡಿನವಳು. ಸಿರಿಗೆರೆಯಲ್ಲಿ ಡಿಗ್ರಿ ಮುಗಿಸಿ ಈ ಕೋಣೆಗೆ ಬಂದಿದ್ದಳು. ಯಾರದೋ ಕಂಪನಿಯ ಲಿಂಕನ್ನು ಇನ್ಯಾರದೋ ವೆಬ್‌ಸೈಟಿನ ಮೂಲೆಯಲ್ಲಿ ಅಂಟಿಸುವುದು ಇಲ್ಲಿಯ ಕೆಲಸ. ಬ್ಯಾಕ್‌ಲಿಂಕ್ ಎನ್ನುತ್ತಾರೆ. ಹತ್ತು ಜನ ಬೆರಳು ಮಾಡಿ ತೋರಿಸಿದ ಅಂಗಡಿಯನ್ನು ಗೂಗಲ್ ದೊಡ್ಡದೆಂದು ನಂಬಿ ಮೇಲಕ್ಕೆ ತರುತ್ತದೆ. ಆದರೆ ಅಂಟಿಸಿದರೆ ಸಾಲದು, ಗೂಗಲ್ ಬಂದು ಅದನ್ನು ನೋಡಬೇಕು. ಅದನ್ನು ಬೇಗ ಕರೆತರಲು ಇಂಡೆಕ್ಸಿಂಗ್ ಸರ್ವೀಸಿನವರು ಬೇರೆ ಇದ್ದಾರೆ. ಅವರ ವೆಬ್‌ಸೈಟಿನ ಡಬ್ಬಿಯೊಳಗೆ ಲಿಂಕುಗಳ ವಿಳಾಸಗಳನ್ನು ಸುರಿದು ಗುಂಡಿ ಒತ್ತುವುದು ಸಂಜೆಯ ಕೆಲಸ. ಗೂಗಲ್ ನೋಡದ ಲಿಂಕಿಗೆ ಕೂಲಿಯಿಲ್ಲ.

"ಅಂಟಿಸಿ ಅಂಟಿಸಿ ಬೆರಳು ಸವೆದೋದ್ವು ಸಾರ್," ಎಂದು ಪಕ್ಕದ ಕಂಪ್ಯೂಟರಿನ ಮಾಹೀರಾ ಒಮ್ಮೆ ಕೂಲಿ ಕೇಳಿದ್ದಳು.

"ಗೂಗಲ್ ನೋಡ್ಲಿಲ್ಲ ಅಂದ್ರೆ ನಾನೇನ್ ಮಾಡ್ಲಮ್ಮ? ನಾನೇನು ಗೂಗಲ್‌ನ ಮನೆ ಅಳಿಯನಾ?"

ಎಲ್ಲರೂ ನಕ್ಕಿದ್ದರು. ಕನಕರಾಜ್ ನಗಿಸುವ ಮನುಷ್ಯ. ಎಲ್ಲರನ್ನೂ ತಂಗಿ ಅನ್ನುತ್ತಿದ್ದ.

ಮತ್ತೋಡಿನಲ್ಲಿ ರೇಣುಕಾಳ ದೊಡ್ಡಮ್ಮ ಈರಕ್ಕ ಓಣಿಯ ಹೆಂಗಸರ ಸಂಘ ಕಟ್ಟಿಕೊಂಡು ಹಳೆ ಸೀರೆಗಳಿಂದ ಹೊದೆಯುವ ಕೌದಿ ಹೊಲಿಸುತ್ತಿದ್ದಳು. ರೇಣುಕಾ ಓದುವಾಗಲೇ ಆ ಸಂಘಕ್ಕೊಂದು ವೆಬ್‌ಸೈಟು ಮಾಡಿಕೊಟ್ಟಿದ್ದಳು. ಹೊಲಿದವಳ ಹೆಸರು, ಅವಳ ಕೈಯ ಫೋಟೊ, ಅದು ಯಾರು ಉಟ್ಟ ಸೀರೆ ಎಂಬ ಎರಡು ಮಾತು. ಅದನ್ನು ಓದಿಯೇ ದೂರದೂರಿನವರು ಕೌದಿ ತರಿಸಿಕೊಳ್ಳುತ್ತಿದ್ದರು.

"ಅದರ ಪಾಸ್‌ವರ್ಡ್ ಕೊಡು ತಂಗಿ," ಎಂದಿದ್ದ ಕನಕರಾಜ್. "ನಿಮ್ ಕೌದೀನ ಗೂಗಲ್ ತಲೆ ಮ್ಯಾಲೆ ಕುಂದ್ರುಸ್ತೀನಿ. ನಿನ್ನತ್ರ ದುಡ್ಡು ಬ್ಯಾಡ."

ರೇಣುಕಾ ಹಿಗ್ಗಿದ್ದಳು. ದೊಡ್ಡಮ್ಮನಿಗೆ ಹೇಳಿದವಳೂ ಅವಳೇ. "ನಮ್ ಸಾರು ಅಣ್ಣ ಇದ್ದಂಗೆ ದೊಡ್ಡಮ್ಮ."

"ನನಗೇನ್ ಗೊತ್ತಾಗ್ತೈತೆ? ನಿನಗೆ ನಂಬಿಕೆ ಐತಲ್ಲ, ಕೊಡು," ಎಂದಿದ್ದಳು ಈರಕ್ಕ.

ಬರುಬರುತ್ತ ಕೌದಿ ಕೇಳುವವರು ಕಡಿಮೆಯಾದರು. ಆಮೇಲೆ ಯಾರೂ ಕೇಳಲಿಲ್ಲ. ಒಂದು ಬೆಳಗ್ಗೆ ಮೈಸೂರಿನ ಹಳೆಯ ಗಿರಾಕಿಯೊಬ್ಬಳು ಈರಕ್ಕನಿಗೆ ಫೋನು ಮಾಡಿದಳು.

"ಏನ್ರೀ, ನಿಮ್ಮ ಸಂಘದ ಹೆಸರು ಹುಡುಕಿದರೆ ಜೂಜಾಟ ಬರುತ್ತೆ? ಈ ವ್ಯಾಪಾರಾನೂ ಶುರು ಮಾಡಿದಿರಾ?"

ಈರಕ್ಕ ಬಸ್ಸಿಗೆ ಹೊರಟಿದ್ದ ರೇಣುಕಾಳ ಮುಂದೆ ಫೋನು ಹಿಡಿದಳು. ರೇಣುಕಾ ಹುಡುಕಿದಳು. ಸಾಲಾಗಿ ಬಂದವು: ಇಸ್ಪೀಟು, ಬೆಟ್ಟಿಂಗು, ಮತ್ತೆ ಇಸ್ಪೀಟು. ಎಲ್ಲವೂ ಸಂಘದ ವಿಳಾಸದಲ್ಲೇ. ಮುಖಪುಟ ಇದ್ದ ಹಾಗೇ ಇತ್ತು. ಅದರ ಬೆನ್ನ ಹಿಂದೆ ಯಾರೋ ನೂರಾರು ಪುಟ ತುರುಕಿದ್ದರು. ಒಂದರಲ್ಲಿ ಸೂಜಿ ಹಿಡಿದ ಕೈಯ ಫೋಟೊ. ಪಕ್ಕದಲ್ಲಿ, "ಇಂದೇ ಆಡಿ, ಇಂದೇ ಗೆಲ್ಲಿ."

"ಇದು ನನ್ ಕೈ ಅಲ್ಲೇನೇ ರೇಣಿ?" ಎಂದಳು ಈರಕ್ಕ.

ಅದೇ ಬಸ್ಸಿಗೆ ಇಬ್ಬರೂ ಹತ್ತಿದರು. ಸುದ್ದಿ ಕೇಳಿದ ಸಂಘದ ಹೆಂಗಸರೂ ಹತ್ತಿದರು. ಗೊಬ್ಬರದಂಗಡಿಯ ಮೆಟ್ಟಿಲು ತುಂಬಿತು.

"ಬರ್ರಿ ಅಮ್ಮ, ಕುಂತ್ಕಳ್ರಿ," ಎಂದು ಕನಕರಾಜ್ ಎದ್ದ.

"ಕುಂತ್ಕಳಕ್ಕೆ ಬಂದಿಲ್ಲ. ನಮ್ ಹೆಸ್ರಾಗೆ ಜೂಜು ಹಚ್ಚಿದೋರು ಯಾರು?" ಎಂದಳು ಈರಕ್ಕ.

ಅವನು ಒಂದು ಗಳಿಗೆಯೂ ತಡೆಯಲಿಲ್ಲ. ರೇಣುಕಾಳತ್ತ ಬೆರಳು ಮಾಡಿದ. "ಪಾಸ್‌ವರ್ಡ್ ಕೊಟ್ಟೋಳು ಇವ್ಳು. ಆ ಪುಟಗಳನ್ನ ದಿನಾ ಸಂಜೆ ಇಂಡೆಕ್ಸಿಂಗಿಗೆ ಹಾಕಿ ಗೂಗಲ್ಲಿಗೆ ತೋರ್ಸಿದ್ದೂ ಇವ್ಳೇ. ಕೇಳ್ರಿ ಬೇಕಾದ್ರೆ."

ಅವನು ಹೇಳಿದ್ದು ಸುಳ್ಳಲ್ಲ. ಅವನು ಕಳಿಸಿದ ವಿಳಾಸಗಳನ್ನೆಲ್ಲ ರೇಣುಕಾ ಓದದೆ ಡಬ್ಬಿಗೆ ಸುರಿದಿದ್ದಳು. ಓದುತ್ತ ಕೂತರೆ ಕಡೆಯ ಬಸ್ಸು ತಪ್ಪುತ್ತಿತ್ತು. ದೊಡ್ಡಮ್ಮನ ಮಾನ ಕಳೆಯಲು ದಿನಾ ಗುಂಡಿ ಒತ್ತಿದ್ದು ತನ್ನದೇ ಬೆರಳು.

"ಹೌದೇನೇ?" ಈರಕ್ಕ ಕೇಳಿದಳು.

"ಹೂಂ ದೊಡ್ಡಮ್ಮ."

"ಗೊತ್ತಿತ್ತಾ ನಿನಗೆ?"

"ಇಲ್ಲ."

ಈರಕ್ಕ ಕನಕರಾಜನ ಕಡೆ ತಿರುಗಿದಳು. "ನಿನಗೆ?"

"ವ್ಯಾಪಾರ ಕಣಮ್ಮ," ಎಂದ ಅವನು. "ಜೂಜಿನೋರ ಹೊಸ ಸೈಟನ್ನ ಗೂಗಲ್ ನಂಬಲ್ಲ. ಮರ್ಯಾದಸ್ತರ ಹಳೇ ಸೈಟು ಅಂದ್ರೆ ಓಡಿ ಬರ್ತೈತೆ. ನಿಮ್ದೊಂದೇ ಏನಲ್ಲ…"

ಕೀಬೋರ್ಡಿನ ಮೇಲೆ ಮಾಹೀರಾಳ ಕೈ ನಿಂತಿತು. "ಒಂದೇ ಅಲ್ಲ ಅಂದ್ರೆ? ನಮ್ ರೌಫ್ ಚಾಚಾನ ಹೊಲಿಗೆ ಮಿಷನ್ ಅಂಗಡೀದು ಕೊಟ್ಟಿದ್ನಲ್ಲ ಸಾರ್?"

"ನಾನು ನಮ್ಮೂರ ಶಾಲೇದು ಕೊಟ್ಟೀನಿ," ಎಂದು ತಾಳ್ಯದ ದಿವ್ಯಾ ಎದ್ದು ನಿಂತಳು.

ಕನಕರಾಜ್ ಫ್ಯಾನಿನ ಕಡೆ ನೋಡಿದ. ಆಗ ರೇಣುಕಾಳಿಗೆ ಹೊಳೆಯಿತು. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಅವನು ಅಂಕಪಟ್ಟಿ ಕೇಳಿರಲಿಲ್ಲ, ಟೈಪಿಂಗ್ ನೋಡಿರಲಿಲ್ಲ. ನಿಮ್ಮೂರಾಗೆ ಒಳ್ಳೇ ವೆಬ್‌ಸೈಟು ಯಾವ್ದೈತೆ ಎಂದಷ್ಟೇ ಕೇಳಿದ್ದ. ಊರುಗಳ ಒಳ್ಳೆಯ ಹೆಸರಿಗಾಗಿ ಹುಡುಗಿಯರನ್ನು ಆರಿಸಿಕೊಂಡಿದ್ದ.

"ತೆಗಿ," ಎಂದಳು ಈರಕ್ಕ.

"ತೆಗೀತೀನಮ್ಮ. ಆದ್ರೆ ಗೂಗಲ್ ಅಷ್ಟು ಬೇಗ ಮರೆಯಲ್ಲ. ತಿಂಗಳುಗಟ್ಟಲೆ ಹಂಗೇ ಕುಂತಿರ್ತೈತೆ."

ರೇಣುಕಾ ತನ್ನ ಕಂಪ್ಯೂಟರಿನ ಮುಂದೆ ಕೂತಳು. ಸಂಘದ ಮುಖಪುಟ ತೆರೆದು ಬರೆದಳು: 'ನಮ್ಮ ಕೌದಿಯ ಹೆಸರಲ್ಲಿ ಜೂಜು ಹಾಕಿದವನು ಕನಕರಾಜ್. ಹೊಸದುರ್ಗ ಬಸ್‌ಸ್ಟ್ಯಾಂಡಿನ ಹಿಂದೆ, ಗೊಬ್ಬರದಂಗಡಿ ಮೇಲೆ ಸಿಗುತ್ತಾನೆ. ನಂಬಿ ಪಾಸ್‌ವರ್ಡ್ ಕೊಟ್ಟವಳು ನಾನು, ಈರಕ್ಕನ ತಂಗಿ ಮಗಳು ರೇಣುಕಾ.' ಬರೆದದ್ದನ್ನು ಉಳಿಸಿ, ಆ ಪುಟದ ವಿಳಾಸವನ್ನು ಇಂಡೆಕ್ಸಿಂಗ್ ಡಬ್ಬಿಗೆ ಹಾಕಲು ಹೋದಳು. ಕನಕರಾಜ್ ಹಾರಿ ಬಂದು ವೈರು ಕಿತ್ತ. ತೆರೆ ಕಪ್ಪಾಯಿತು.

"ಉಳಿಸಿದ್ಯೇನೇ?" ಪಕ್ಕದಿಂದ ಮಾಹೀರಾ.

"ಹೂಂ."

ಮಾಹೀರಾ ತನ್ನ ಕಂಪ್ಯೂಟರಿನಲ್ಲಿ ಅದೇ ವಿಳಾಸವನ್ನು ಅಂಟಿಸಿದಳು. ಕನಕರಾಜ್ ಅತ್ತ ನುಗ್ಗಿದ. ಮತ್ತೋಡಿನ ಹೆಂಗಸರು ನಡುವೆ ನಿಂತರು.

"ತಂಗೀ, ನನ್ ಹೆಸ್ರು ತೆಗಿಯಮ್ಮ," ಅವನ ದನಿ ಇಳಿಯಿತು. "ಗೂಗಲ್ ನೋಡಿಬಿಡ್ತು ಅಂದ್ರೆ ನಾನು ಪ್ಯಾಟೇಲಿ ತಲೆ ಎತ್ಕಂಡು ತಿರುಗೋದು ಹೆಂಗೆ?"

"ನಾವು ತಿರುಗ್ತೀವಲ್ಲಪ್ಪ, ಹಂಗೇ," ಎಂದಳು ಈರಕ್ಕ. "ಒತ್ತೇ ತಾಯಿ."

ಮಾಹೀರಾ ಒತ್ತಿದಳು.