ಕತೆ ಮೇಸ್ತ್ರಿ

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಆ ಮೇಸ್ತ್ರಿ ಯಾರ ಪ್ರಶ್ನೆಗೂ ನೇರ ಉತ್ತರ ಕೊಟ್ಟವರಲ್ಲ. ಕೇಳಿದವನ ಮುಖವನ್ನು ಕನಿಕರದಿಂದ ನೋಡಿ, ಗಂಟಲು ಸರಿಮಾಡಿಕೊಂಡು, ಉಗುರಿನ ಸಂದಿಯಲ್ಲಿ ನೀಲಿ ಕೂತಿದ್ದ ತೋರುಬೆರಳನ್ನೆತ್ತಿ, "ಒಂದು ಕಾಡು..." ಎಂದು ಶುರುಮಾಡುವರು. ಅಷ್ಟಕ್ಕೇ ಎದುರಿಗಿದ್ದವನಿಗೆ ತನ್ನ ಕೆಲಸ ಕೆಟ್ಟಿತೆಂದು ಗೊತ್ತಾಗುತ್ತಿತ್ತು. ಬಡ್ತಿ ಕೇಳಿದವನಿಗೆ ನಾಯಿಯ ಕೆಲಸಕ್ಕೆ ಬಾಯಿಹಾಕಿ ಒದೆ ತಿಂದ ಕತ್ತೆ, ಒಳ್ಳೆಯ ಅಂಗಿ ತೊಟ್ಟು ಬಂದವನಿಗೆ ಹುಲಿಯ ಚರ್ಮ ಹೊದ್ದ ಕತ್ತೆ. ಕತ್ತೆಗಳಿಗಂತೂ ಅವರಲ್ಲಿ ಬರವಿರಲಿಲ್ಲ. ಬೆನ್ನ ಹಿಂದೆ ಜನ ಅವರನ್ನು ಕತೆ ಮೇಸ್ತ್ರಿ ಎನ್ನುತ್ತಿದ್ದರು.

ಕುದಿಯುವ ತೊಟ್ಟಿಗಳ ಆವಿಯಲ್ಲಿ ಉಳಿದವರೆಲ್ಲ ಬನಿಯನ್ನಿನಲ್ಲೇ ಬೇಯುತ್ತಿದ್ದರೆ, ಅವರು ಮಾತ್ರ ಕಂದು ಕೋಟಿನ ಗುಂಡಿಗಳನ್ನು ಕೊರಳವರೆಗೂ ಹಾಕಿಕೊಂಡು, ನೆಲಕ್ಕೆಲ್ಲಿ ನೋವಾದೀತೋ ಎಂಬಂತೆ ಮೆಲ್ಲಗೆ ನಡೆಯುತ್ತಿದ್ದರು. ತೊಟ್ಟಿಯ ಕೆಲಸದಿಂದ ಮೇಸ್ತ್ರಿಗಿರಿಗೆ ಏರಿದ ದಿನ ಮಾಲೀಕರು ಕೊಟ್ಟ ಹಳೆಯ ಕೋಟು ಅದು. ಹೆಗಲು ಸಡಿಲ, ದರ್ಜಿಯ ಕೈಲಿ ಅದನ್ನು ಹಿಡಿಸಿಕೊಳ್ಳಲು ಅವರು ಕೊನೆಯವರೆಗೂ ಒಪ್ಪಲಿಲ್ಲ.

ಒಮ್ಮೆ, ಹಿಂದೆ ಒಂದೇ ತೊಟ್ಟಿಯಲ್ಲಿ ಜೊತೆಗೆ ಕೋಲಿನಿಂದ ಬಟ್ಟೆ ತಿರುವಿದ ಗೆಳೆಯ ಕೆಮ್ಮುತ್ತಲೇ ಬಂದು, "ಆವಿ ಹೊರಗೆ ಹೋಗೋಕೆ ಎರಡು ಫ್ಯಾನ್ ಹಾಕ್ಸಿ ಅಂತ ಧಣಿಗೆ ನೀನೊಂದು ಮಾತು ಹೇಳೋ," ಎಂದ. ಮೇಸ್ತ್ರಿ ಅವನಿಗೆ, ಹಂಸಗಳು ಕಚ್ಚಿ ಒಯ್ಯುತ್ತಿದ್ದ ಕೋಲಿಗೆ ಬಾಯಲ್ಲಿ ಜೋತುಬಿದ್ದು ಆಕಾಶಕ್ಕೇರಿ, ನಡುವೆ ಬಾಯಿಬಿಟ್ಟು ನೆಲಕ್ಕೆ ಬಿದ್ದು ಸತ್ತ ಆಮೆಯ ಕತೆ ಹೇಳಿದರು. ಗೆಳೆಯ ನಕ್ಕ, ಕೆಮ್ಮಿದ, ಹೋದ. ಚಳಿಗಾಲ ಮುಗಿಯುವುದರೊಳಗೆ ತೀರಿಕೊಂಡ. ಸಾವಿಗೆ ಹೋದ ಮೇಸ್ತ್ರಿಯನ್ನು ಅವನ ಮನೆಯಲ್ಲಿ ಕೂರಿ ಎಂದವರಿಲ್ಲ.

ಮನೆಯಲ್ಲೂ ಇದೇ ಪಾಠ. ತಾಯಿಯಿಲ್ಲದೆ ಬೆಳೆದ ಒಬ್ಬಳೇ ಮಗಳು ವಕೀಲಿ ಓದುತ್ತೇನೆಂದಾಗ, ಋಷಿಯೊಬ್ಬ ಹೆಣ್ಣಾಗಿ ಮಾಡಿ ಸಾಕಿದ ಇಲಿಮರಿ, ಸೂರ್ಯ ಬೇಡ, ಮೋಡ ಬೇಡ, ಗಾಳಿ ಬೇಡ, ಬೆಟ್ಟ ಬೇಡವೆಂದು ಕಡೆಗೆ ಇಲಿಯನ್ನೇ ವರಿಸಿದ ಕತೆಯನ್ನು ಅವರು ಊಟ ಮುಗಿಯುವ ತನಕ ಹೇಳಿದರು.

ಮಗಳು ಕೈ ತೊಳೆದು ಬಂದಳು. "ಅಪ್ಪಾ, ಈ ಕತೆ ಕಟ್ಟಿದ್ದು ಇಲಿ ಅಲ್ಲ, ಅಲ್ವಾ?"

ಮೇಸ್ತ್ರಿ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ನಡೆದರು. ಆದರೂ ಗೆದ್ದದ್ದು ಅವರೇ. ಅದೇ ಕಾರ್ಖಾನೆಯಲ್ಲಿ ಬಟ್ಟೆ ಮಡಿಸುವವನಿಗೆ ಆಕೆಯನ್ನು ಕೊಟ್ಟು ಮದುವೆಯಾಯಿತು. ಅಂದಿನಿಂದ ಅವಳು ಅಪ್ಪನೊಡನೆ ವಾದಿಸುವುದನ್ನೇ ಬಿಟ್ಟಳು. ಅದನ್ನವರು ಮಗಳು ಮಾಗಿದಳೆಂದು ತಿಳಿದು ಹಿಗ್ಗಿದರು.

ಹಿರಿಯ ಮಾಲೀಕರು ಹೋದ ಮೇಲೆ ಮಗ ಗದ್ದುಗೆಗೆ ಬಂದ. ಮೇಸ್ತ್ರಿ ಎತ್ತಿ ಆಡಿಸಿದ ಹುಡುಗ. ಒಂದು ಬೆಳಿಗ್ಗೆ ಅವರನ್ನು ಕರೆಸಿ, ಪ್ರೀತಿಯಿಂದಲೇ ಹೇಳಿದ: "ಬೇಜಾರು ಮಾಡ್ಕೋಬೇಡಿ ಮೇಸ್ತ್ರಿ. ನೀಲಿ ತೊಟ್ಟೀಲಿ ಬಿದ್ದ ನರಿ ಕತೆ ಚಿಕ್ಕೋನಿದ್ದಾಗ ನೀವೇ ಹೇಳ್ತಿದ್ರಿ. ಬಣ್ಣ ಹತ್ತಿದ ಮಾತ್ರಕ್ಕೆ ನರಿ ರಾಜ ಆಗಲ್ಲ ಅಂತ. ಈಗ ನಿಮ್ಮ ಜಾಗಕ್ಕೆ ಓದಿದೋರು ಬೇಕು."

ತಮ್ಮ ಕತೆಯನ್ನು ಒಬ್ಬ ಚೆನ್ನಾಗಿ ನೆನಪಿಟ್ಟುಕೊಂಡಿದ್ದಾನಲ್ಲ ಎಂದು ಮೇಸ್ತ್ರಿಯ ಮುಖದಲ್ಲಿ ಮೊದಲು ಮೂಡಿದ್ದು ಹೆಮ್ಮೆ. ಕಾರ್ಖಾನೆಯ ಬಾಗಿಲು ದಾಟಿದ ಮೇಲಷ್ಟೇ ಆ ನರಿ ಯಾರೆಂದು ಹೊಳೆಯಿತು. ಕೋಟಿನ ಕೊರಳ ಗುಂಡಿ ಬಿಚ್ಚಿಕೊಂಡು ಮನೆಯತ್ತ ನಡೆದರು.

ಆಮೇಲಿನ ದಿನಗಳನ್ನು ಅವರು ಕಳೆದದ್ದು ಮಗಳ ಮನೆಯ ಕಿರುಕೋಣೆಯಲ್ಲಿ. ಒಂದು ಸಂಜೆ ಮೊಮ್ಮಗಳು ತೊಡೆಯೇರಿ, "ತಾತಾ, ಕತೆ," ಎಂದಳು. ತೋರುಬೆರಳು ತಾನಾಗಿ ಮೇಲೆದ್ದಿತು. ಅಷ್ಟರಲ್ಲಿ ಮಗಳು ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಮಗುವನ್ನು ಎತ್ತಿಕೊಂಡಳು.

"ಬೇಡ ಅಪ್ಪಾ. ಇವಳಿಗೆ ಕತೆ ಬೇಡ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವರು ತಾಳಿಕೊಳ್ಳುತ್ತಿದ್ದರೇನೋ. ಆಮೇಲೆ ಬದುಕಿದ್ದಷ್ಟು ಕಾಲ ಅವರು ಅನ್ನ, ನೀರು, ಔಷಧಿ ಎಂಬಷ್ಟೇ ಮಾತಾಡಿದರು.

ಇಂಥವರನ್ನು ಕ್ರೂರಿಗಳೆನ್ನಲು ನಾಲಿಗೆ ಏಳುವುದಿಲ್ಲ. ತಮ್ಮ ಭಯವನ್ನೇ ವಿವೇಕವೆಂದು ನಂಬಿ, ಅದನ್ನೇ ತಮ್ಮವರಿಗೆ ತುತ್ತು ಮಾಡಿ ಉಣಿಸುವವರು ಇವರು. ಧಣಿಗಳು ದೊಣ್ಣೆ ಹಿಡಿದು ಕಾಯಬೇಕಾದ ಬೇಲಿಯನ್ನು ಇವರು ಜೋಗುಳದ ದನಿಯಲ್ಲೇ ಕಾದುಕೊಡುತ್ತಾರೆ. ಕಾಡಿನ ಯಾವ ಪ್ರಾಣಿಯೂ ಈ ಕತೆಗಳನ್ನು ಕೇಳಿದ್ದಿಲ್ಲ. ಕೇಳಿದ್ದು, ನಂಬಿದ್ದು, ತಲೆತಗ್ಗಿಸಿದ್ದು ಮನುಷ್ಯರ ಮಕ್ಕಳು ಮಾತ್ರ.