ಜುಗೂಳದ ರಾಜಹಕ್ಕಿ

ಜುಗೂಳದ ಸುಗಂಧಾ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಹೋದ ವರ್ಷದ ಅವಮಾನವನ್ನು ಅವಳು ಇನ್ನೂ ಮರೆತಿರಲಿಲ್ಲ. ಬೇಸಿಗೆಯಲ್ಲಿ ಯಾವ ಹಾಡುಹಕ್ಕಿ ಎಲ್ಲಿ ಗೂಡು ಕಟ್ಟುತ್ತದೆಂದು ಬೆಳಗಾವಿಯ ಪಕ್ಷಿಪ್ರಿಯರ ಸಂಘವೊಂದು ಸಮೀಕ್ಷೆ ನಡೆಸುತ್ತಿತ್ತು. ಕೃಷ್ಣೆಯ ದಂಡೆಯಲ್ಲಿ ಉದ್ದ ಬಾಲದ ರಾಜಹಕ್ಕಿ ಹಾಡಿದ್ದನ್ನು ಕೇಳಿದ್ದೇನೆ, ಅದು ಇಲ್ಲೇ ಮರಿ ಮಾಡುತ್ತದೆ ಎಂದು ಇವಳು ಸಭೆಯಲ್ಲಿ ಹೇಳಿದಾಗ ಸಂಘದ ಹಿರಿಯ ರಾಜಾರಾಮ ನಕ್ಕುಬಿಟ್ಟಿದ್ದರು. ಅದು ಚಳಿಗಾಲಕ್ಕೆ ಬಂದು ಹೋಗುವ ಹಕ್ಕಿ, ಬಯಲುಸೀಮೆಯಲ್ಲಿ ಗೂಡು ಕಟ್ಟುವುದುಂಟೇ ಎಂದಿದ್ದರು. ಸಭೆಯೂ ನಕ್ಕಿತ್ತು. ಸುಗಂಧಾ ಮಾತ್ರ, ಬರುವ ಬೇಸಿಗೆಗೆ ನೀವೇ ಬಂದು ನೋಡಿ ಎಂದು ಕರೆದು ಬಂದಿದ್ದಳು.

೧೯೯೨ರ ಮೇ ತಿಂಗಳಲ್ಲಿ ಒಂದು ಬೆಳಗ್ಗೆ ರಾಜಾರಾಮ ಬಂದೇಬಿಟ್ಟರು. ಸೊಸೆಯನ್ನು ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ಅತ್ತೆ ಜಿನಮತಿಯೂ ಸೆರಗು ಬಿಗಿದು ಹೊರಟರು.

ಕಬ್ಬಿನ ಹೊಲ ದಾಟಿ ಹೊಳೆದಂಡೆಯ ಗಿಡಗಳ ನೆರಳಿಗೆ ಬಂದಾಗ ಹುಣಸೆಯ ತುದಿಯಲ್ಲಿ ಮಡಿವಾಳ ಹಕ್ಕಿ ಸಿಳ್ಳೆ ಹಾಕುತ್ತಿತ್ತು. ಪಿಕಳಾರದ ಜೋಡಿ ಹುಳ ಕಚ್ಚಿಕೊಂಡು ಪೊದೆಗೆ ನುಗ್ಗಿತು. ಅಲ್ಲಿ ಮರಿಗಳಿವೆ ಎಂದು ರಾಜಾರಾಮ ಒಪ್ಪಿದರು. ಹೊನ್ನಕ್ಕಿಯ ಗೂಡನ್ನೂ ಒಪ್ಪಿದರು. ರಾಜಹಕ್ಕಿಯ ಸುಳಿವೇ ಇಲ್ಲ. ಬಿಸಿಲೇರಿದಂತೆ ಹಾಡುಗಳು ಒಂದೊಂದಾಗಿ ನಿಂತವು. ಕುಡಚಿಯಲ್ಲಿ ರೈಲು ಹಿಡಿಯಬೇಕು, ಹಿಂದಿರುಗೋಣ ಎಂದರು ರಾಜಾರಾಮ.

ಸುಗಂಧಾ ಒಪ್ಪಲಿಲ್ಲ. ಹಳ್ಳದಾಚೆಯ ಮಾವಿನ ತೋಪು ನೋಡದೆ ತಾನು ಬರುವುದಿಲ್ಲ ಎಂದವಳೇ ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದಳು. ಅವಳ ಹಿಂದೆ ಅತ್ತೆ, ಬೂಟು ಕೈಯಲ್ಲಿ ಹಿಡಿದು ಎಲ್ಲರಿಗಿಂತ ಹಿಂದೆ ರಾಜಾರಾಮ.

ತೋಪಿನ ಅಂಚಿನಲ್ಲಿ, ನೀರಿನ ಮೇಲೆ ಬಾಗಿದ ಕೊಂಬೆಯಿಂದ ಬಿಳಿ ರಿಬ್ಬನ್ನಿನಂಥದ್ದೇನೋ ಜೋತಾಡುತ್ತಿತ್ತು. ಸುಗಂಧಾ ಗಕ್ಕನೆ ನಿಂತಳು. ಕವಲಿನಲ್ಲಿ ಪುಟ್ಟ ಬಟ್ಟಲಿನಂಥ ಗೂಡು. ಅದರ ತುಂಬ ಕೂತಿದ್ದದ್ದು ಕರಿ ಜುಟ್ಟಿನ ಗಂಡು ರಾಜಹಕ್ಕಿ. ಜೋತಾಡುತ್ತಿದ್ದದ್ದು ಅದರ ಬಾಲ. ಒಳಗೇನಿದೆ ನೋಡಲೆಂದು ರಾಜಾರಾಮ ಕೊಂಬೆಗೆ ಕೈಯೆತ್ತಿದರು. ಜಿನಮತಿ ಅಡ್ಡ ಬಂದರು.

“ಮುಟ್ಟಬ್ಯಾಡ್ರಿ. ದೂರ ಕುಂತು ನೋಡ್ರಿ, ಅದ ತೋರಸತೈತಿ.”

ಮೂವರೂ ದೂರದ ಮರದಡಿ ಕೂತರು. ಸ್ವಲ್ಪ ಹೊತ್ತಿಗೆ ಕಂದು ಬಣ್ಣದ ಹೆಣ್ಣು ಕೊಕ್ಕಿನಲ್ಲಿ ಹುಳ ಹಿಡಿದು ಬಂತು. ಗಂಡು ಹಾರಿತು. ಗೂಡಿನ ಅಂಚಿನಿಂದ ಎಳೆ ಕತ್ತುಗಳು ಮೇಲೆದ್ದು ಬಾಯಿ ತೆರೆದವು. ಮೇಲಿನ ಕೊಂಬೆಯಿಂದ ಗಂಡು ಹಾಡತೊಡಗಿತು. ಸುಗಂಧಾ ಹೋದ ವರ್ಷ ಕೇಳಿದ್ದ ಅದೇ ಹಾಡು. ಅವಳ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

ರಾಜಾರಾಮ ಅವಳ ಕಡೆ ತಿರುಗಿದರು. “ನಂದ ತಪ್ಪಾತ್ರಿ ಅಕ್ಕಾರ. ನೀವು ಹೇಳಿದ್ದು ಖರೇನ ಇತ್ತು” ಎಂದರು.

“ಅದನ್ನ ಸಭಾದಾಗ ಹೇಳ್ರಿ. ನಾನೂ ಬರ್ತೀನಿ” ಎಂದಳು ಸುಗಂಧಾ.

ಹೇಳುತ್ತೇನೆ, ಎದ್ದು ನಿಂತೇ ಹೇಳುತ್ತೇನೆ ಎಂದು ಅವರು ಮಾತು ಕೊಟ್ಟರು. ಆ ಹೊತ್ತಿಗೆ ರೈಲು ಹೋಗಿತ್ತು. ಅದರ ನೆನಪು ಯಾರಿಗೂ ಇರಲಿಲ್ಲ.

ಊರ ಹತ್ತಿರ ಬಟ್ಟೆ ಒಗೆಯುತ್ತಿದ್ದ ರುಕ್ಮವ್ವ, ಇಷ್ಟು ಬಿಸಿಲಲ್ಲಿ ಎಲ್ಲಿ ಹೋಗಿದ್ದಿರಿ ಎಂದು ವಿಚಾರಿಸಿದಳು. ಸೊಸೆ ಬಾಯಿ ತೆರೆಯುವ ಮೊದಲೇ ಜಿನಮತಿ ಒಗೆಯುವ ಕಲ್ಲಿನ ಮೇಲೆ ಕೂತು, ತಮ್ಮ ಸುಗಂಧಾ ಬೆಳಗಾವಿಯವರನ್ನು ಗೆದ್ದ ಕತೆಯನ್ನು ಮೊದಲಿನಿಂದ ಹೇಳಲು ಶುರುಮಾಡಿದರು.